ಎಂಟರಲ್ಲೊಂದು ಪಾಲಿನ ಕಂಡಕ್ಟರ್

"ಬರೆಯುವುದಾದ್ರೆ ಬರೀರಿ ಟೀಚರೇ, ಹೆಸರು ಮಾತ್ರ ಹಾಕಬೇಡಿ. ಹೆಸರು ಹಾಕಿದ್ರೆ ನಾಳೆ ಬೆಳಿಗ್ಗೆಯೇ ನಾಲ್ಕು ಜನ ಯಾವ ಷೇರು ತೆಗೀಬೇಕು ಅಂತ ಕೇಳಿಕೊಂಡು ಮನೆಗೆ ಬರ್ತಾರೆ. ಚಾ ಮಾಡಿ ಮಾಡಿ ನನ್ನ ಹೆಂಡತಿಗೆ ಸಾಕಾಗ್ತದೆ."

ಆದ್ದರಿಂದ ಇಲ್ಲಿ ಹೆಸರಿಲ್ಲ. ಹಾಕಿದ್ದರೂ ನಮ್ಮ ದಾರಿಯ ಅರ್ಧ ಜನರಿಗೆ ಅದು ಯಾರೆಂದು ತಿಳಿಯುತ್ತಿರಲಿಲ್ಲ, ಬಿಡಿ. ಎಲ್ಲರಿಗೂ ಅವರು ಕಾಕ. ಕಾಸರಗೋಡಿನಿಂದ ಬದಿಯಡ್ಕದ ಮಾರ್ಗವಾಗಿ ಪೆರ್ಲಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಕಂಡಕ್ಟರರಾಗಿದ್ದು, ಕಳೆದ ತಿಂಗಳು ಹೆಗಲಿನ ಚೀಲ ಕೆಳಗಿಟ್ಟರು. ಪೆರ್ಲದ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುವ ನಾನು ಬದಿಯಡ್ಕದಿಂದ ಅದೇ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಓಡಾಡಿದ್ದೇನೆ. ಬಿ.ಎಡ್. ಮಾಡಿದ ನನಗೆ ಷೇರು ಪೇಟೆ ಎಂದರೇನು ಎಂದು ಪಾಠ ಹೇಳಿದವರು ಏಳನೇ ಕ್ಲಾಸು ಓದಿದ ಈ ಕಾಕ. ಹೇಳಿಕೊಳ್ಳಲು ನನಗೆ ನಾಚಿಕೆ ಏನೂ ಇಲ್ಲ. ಕಲಿಯುವುದಕ್ಕೆ ನಾನು ಪಟ್ಟ ಪಾಡು ನೆನೆದರೆ ಮಾತ್ರ ಸ್ವಲ್ಪ ನಾಚಿಕೆ.

ತೆಳ್ಳಗಿನ ಆಳು. ಎಡಗಿವಿಯ ಹಿಂದೆ ಒಂದು ಪೆನ್ನು, ಅಂಗಿಯ ಜೇಬಿನಲ್ಲಿ ಇನ್ನೊಂದು. ಒಂದು ಹೋದರೆ ಇನ್ನೊಂದು ಇರಲಿ ಎಂದು. ಬಸ್ಸಿನ ಬೆಲ್ಲಿನ ಹಗ್ಗವನ್ನು ಅವರು ಎಳೆಯುತ್ತಿದ್ದುದೇ ಒಂದು ಚಂದ. ಒಂದು ಸಲ ಎಳೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ, ಅಂದರೆ ಡಬಲ್ ಬೆಲ್ ಕೊಟ್ಟರೆ, ಹೊರಡಬೇಕು. ಇದು ನಮ್ಮಲ್ಲಿ ಎಲ್ಲ ಬಸ್ಸುಗಳ ಕ್ರಮ. ಕಾಕ ಮಾತ್ರ ಕೊನೆಯ ಅಜ್ಜಿಯ ಕೊನೆಯ ಕಾಲು ಮೆಟ್ಟಿಲಿನ ಒಳಗೆ ಬಂದು, ಅಜ್ಜಿ ಕಂಬಿ ಹಿಡಿದು, ಸೆರಗು ಸರಿ ಮಾಡಿಕೊಂಡ ಮೇಲೆಯೇ ಎರಡು ಸಲ ಎಳೆಯುತ್ತಿದ್ದರು. ಆ ಅಜ್ಜಿಯ ಹತ್ತಿರ ತುಳು, ಪೇಟೆಯ ವ್ಯಾಪಾರಿಗಳ ಹತ್ತಿರ ಬ್ಯಾರಿ, ಆರ್‌ಟಿಒ ಕಚೇರಿಯವರು ಬಂದರೆ ಮಲಯಾಳ, ನನ್ನ ಹತ್ತಿರ ಕನ್ನಡ. ಬಸ್ಸು ತುಂಬಿದಾಗ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕಿರುಚಿದವರಲ್ಲ. "ನೀವು ಒಂದು ಹೆಜ್ಜೆ ಮುಂದೆ ಹೋದ್ರೆ ಇನ್ನೊಬ್ಬರು ಮನೆಗೆ ಹೋಗಬಹುದು" ಎನ್ನುತ್ತಿದ್ದರು. ಹಾಗೆ ಹೇಳಿದರೆ ಯಾರು ತಾನೇ ನಿಂತಲ್ಲೇ ನಿಲ್ಲುತ್ತಾರೆ?

ಸಂಜೆ ಪೆರ್ಲದಲ್ಲಿ ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತಿತ್ತು. ಚಾಲಕ ಚಾ ಕುಡಿಯಲು ಹೋದರೆ, ಕಾಕ ಹಿಂದಿನ ಸೀಟಿನಲ್ಲಿ ಕುಳಿತು ಹೋಟೆಲಿನಿಂದ ತಂದ ಕನ್ನಡ ಪೇಪರಿನ ವಾಣಿಜ್ಯ ಪುಟ ಬಿಡಿಸುತ್ತಿದ್ದರು. ಅದು ಮುಗಿದ ಮೇಲೆ ಫೋನು ತೆಗೆದು ತಮ್ಮ ಷೇರುಗಳ ಧಾರಣೆ ಒಮ್ಮೆ ನೋಡಿ ಜೇಬಿಗೆ ಹಾಕಿದರೆ ಮತ್ತೆ ಮರುದಿನವೇ. "ಓಡುವ ಬಸ್ಸಿನಲ್ಲಿ ಕೆಳಗೆ ರಸ್ತೆ ನೋಡಿದ್ರೆ ತಲೆ ತಿರುಗ್ತದೆ ಟೀಚರೇ. ದೂರ ನೋಡಬೇಕು." ಇದು ಅವರ ಮಾತು. ನಾನು ಹತ್ತು ವರ್ಷ ಇದನ್ನು ವಾಂತಿಯಾಗದಿರಲು ಕೊಟ್ಟ ಸಲಹೆ ಎಂದೇ ತಿಳಿದಿದ್ದೆ.

ಅವರ ನನ್ನ ಸ್ನೇಹ ಗಟ್ಟಿಯಾದದ್ದು ನನ್ನದೇ ಒಂದು ಮರ್ಯಾದೆಗೇಡಿನ ಪ್ರಸಂಗದಿಂದ. ನಾನು ಓದಿದ್ದು, ಓದಿಸುವುದು ಎಲ್ಲ ಕನ್ನಡ. ಮಲಯಾಳ ಮಾತನಾಡಿದರೆ ಅರ್ಥವಾಗುತ್ತದೆ. ಓದಲು ಹೋದರೆ ಅಕ್ಷರ ಕೂಡಿಸುವಷ್ಟರಲ್ಲಿ ಬಸ್ಸು ಮುಂದಿನ ಸ್ಟಾಪಿಗೆ ಹೋಗಿರುತ್ತದೆ. ನಮ್ಮ ದಾರಿಯ ಬಸ್ಸುಗಳ ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ. ಆದರೂ ನಾನು ಆರಾಮವಾಗಿದ್ದೆ, ಏಕೆಂದರೆ ನಾನು ಓದುತ್ತಿದ್ದುದು ಬೋರ್ಡನ್ನಲ್ಲ, ಬಣ್ಣವನ್ನು. ಹಸಿರಿಗೆ ಹಳದಿ ಪಟ್ಟಿ ಎಂದರೆ ಪೆರ್ಲ, ಕೆಂಪು ಎಂದರೆ ಮುಳ್ಳೇರಿಯ, ಹೀಗೆ. ನನ್ನಂಥ ಕನ್ನಡದವರು ಅದೆಷ್ಟು ಮಂದಿ ಹೀಗೆ ಬಣ್ಣ ನೋಡಿಯೇ ಬದುಕುತ್ತಿದ್ದರೋ. ಅಷ್ಟರಲ್ಲಿ ಖಾಸಗಿ ಬಸ್ಸುಗಳಿಗೆಲ್ಲ ಒಂದೇ ಬಣ್ಣ ಇರಬೇಕೆಂದು ಸರಕಾರದ ನಿಯಮ ಬಂತು. ನೋಡನೋಡುತ್ತ ನಮ್ಮ ದಾರಿಯ ಬಸ್ಸುಗಳೆಲ್ಲ ನೀಲಿಯಾದವು. ಒಂದೇ ವಾರದಲ್ಲಿ ನಾನು ಅನಕ್ಷರಸ್ಥಳಾದೆ.

ಆ ವಾರವೇ ಒಂದು ಬೆಳಿಗ್ಗೆ ಬದಿಯಡ್ಕದಲ್ಲಿ ನೀಲಿ ಬಸ್ಸೊಂದು ಬಂದು ನಿಂತಿತು. ಒಳಗೆ ಒಬ್ಬರೂ ಇಲ್ಲ. ನನ್ನ ಭಾಗ್ಯವೇ ಎಂದುಕೊಂಡು ಹತ್ತಿ ಕಿಟಕಿ ಪಕ್ಕ ಕುಳಿತು, ಮಕ್ಕಳ ಕಾಪಿ ಪುಸ್ತಕ ತಿದ್ದತೊಡಗಿದೆ. ಬಸ್ಸು ಹೊರಟಿತು, ತಿರುಗಿತು, ಕುಲುಕಾಡಿತು, ನಿಂತಿತು. ತಲೆಯೆತ್ತಿ ನೋಡಿದರೆ ನಾನು ಪೇಟೆಯ ಹಿಂದಿನ ಗ್ಯಾರೇಜಿನಲ್ಲಿದ್ದೇನೆ. ಎದುರಿಗೆ ಇಂಜಿನ್ ಬಿಚ್ಚಿದ ಲಾರಿ. ಚಾಲಕ ಹಿಂದೆ ನೋಡದೆಯೇ ಇಳಿದು ಹೋಗಿದ್ದ. ಚೀಲ ತೆಗೆದುಕೊಳ್ಳಲು ಬಸ್ಸು ಹತ್ತಿದ ಕಾಕ ನನ್ನನ್ನು ಕಂಡು ಎದುರಿನ ಸೀಟಿನಲ್ಲಿ ಕುಳಿತರು.

"ಟೀಚರೇ, ಬಸ್ಸಿಗೆ ಇವತ್ತು ಆಪರೇಶನ್ ಉಂಟು. ನೀವು ಎಂತಕ್ಕೆ ಅಡ್ಮಿಟ್ ಆದದ್ದು?"

ಬೋರ್ಡಿನಲ್ಲಿ ದೊಡ್ಡದಾಗಿ ಓಡುವುದಿಲ್ಲ ಎಂದು ಬರೆದಿತ್ತಂತೆ. ಮಲಯಾಳದಲ್ಲಿ. ನಾನು ನಿಜ ಒಪ್ಪಿಕೊಳ್ಳಬೇಕಾಯಿತು. ಅವರು ನಗಲಿಲ್ಲ, ಆ ದಿನ ಆಟೋ ಮಾಡಿ ಕಳಿಸಿದರು, ಯಾರಿಗೂ ಹೇಳಲಿಲ್ಲ. ಮರುದಿನದಿಂದ ಬಸ್ಸು ಸ್ಟ್ಯಾಂಡಿಗೆ ನುಗ್ಗುವಾಗಲೇ ಬಾಗಿಲಲ್ಲಿ ನಿಂತು ಒಂದು ಕೈ ಎತ್ತಿ ಹಿಡಿಯುತ್ತಿದ್ದರು. ಅದು ನನಗೆ. ಅಂದಿನಿಂದ ನಾನು ಬಣ್ಣ ಬಿಟ್ಟು ಕಾಕನ ಮುಖ ನೋಡಿ ಬಸ್ಸು ಹತ್ತತೊಡಗಿದೆ.

ಇನ್ನು ಷೇರಿನ ವಿಷಯ. ಎರಡು ವರ್ಷದ ಹಿಂದೆ ನನಗೆ ಸಂಬಳದ ಹಿಂಬಾಕಿ ಒಟ್ಟಿಗೆ ಬಂತು. ನಾವು ಬಾಡಿಗೆಗಿದ್ದ ಮನೆಯ ಹಿಂದೆ ಐದು ಸೆಂಟು ಜಾಗ. ಮನೆಯ ಯಜಮಾನರು "ಮುಂದಿನ ಬಿಸು ಹಬ್ಬದವರೆಗೆ ನಿಮಗಾಗಿ ಇಡ್ತೇನೆ, ಆಮೇಲೆ ಬೇರೆಯವರಿಗೆ" ಎಂದಿದ್ದರು. ಅಲ್ಲೊಂದು ಸಣ್ಣ ಮನೆ ಕಟ್ಟಬೇಕು, ಅಡುಗೆಮನೆಯ ಕಿಟಕಿ ರಸ್ತೆಗೆ ಮುಖ ಮಾಡಬೇಕು ಎಂಬುದು ನನ್ನ ಹದಿನೈದು ವರ್ಷದ ಆಸೆ. ಬಂದ ಹಣ ಜಾಗಕ್ಕೆ ಸ್ವಲ್ಪ ಕಡಿಮೆ ಬೀಳುತ್ತಿತ್ತು. ಅದೇ ಹೊತ್ತಿಗೆ ನಮ್ಮ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಷೇರಿನ ಹೆಸರು ಹಾಕಿದರು. ಬೆಲೆ ಬರೀ ನಾಲ್ಕು ರೂಪಾಯಿ, ಆರು ತಿಂಗಳಲ್ಲಿ ನಲವತ್ತಾಗುತ್ತದಂತೆ. ನಾನು ಗಂಡನಿಗೂ ಹೇಳದೆ ಎಲ್ಲ ಹಣವನ್ನೂ ಅದಕ್ಕೆ ಹಾಕುವುದೆಂದು ನಿಶ್ಚಯಿಸಿಬಿಟ್ಟೆ. ಹೇಳಿದ್ದು ಕಾಕನಿಗೆ ಮಾತ್ರ. ಪೆರ್ಲದಲ್ಲಿ ಬಸ್ಸು ನಿಂತಿದ್ದಾಗ, ಅವರಿಗಿಂತ ನಾನೂ ಏನು ಕಡಿಮೆ ಎಂಬ ಜಂಭದಿಂದ.

"ಆ ಕಂಪೆನಿಗೆ ಎಂತ ಕೆಲಸ ಟೀಚರೇ?"

"ಗೊತ್ತಿಲ್ಲ."

"ಯಾರು ಓಡಿಸುವುದು?"

"ಗೊತ್ತಿಲ್ಲ."

"ಮತ್ತೆ ಎಂತಕ್ಕೆ ಹತ್ತಿದ್ದು?"

"ಕಡಿಮೆಗೆ ಸಿಗ್ತದಲ್ಲ ಕಾಕಾ! ದೊಡ್ಡ ಕಂಪೆನಿಯದ್ದು ಒಂದು ತೆಗೆಯುವ ದುಡ್ಡಿಗೆ ಇದು ಸಾವಿರ ಬರ್ತದೆ."

ಕಾಕ ಪೇಪರು ಮಡಚಿ ತೊಡೆಯ ಮೇಲಿಟ್ಟರು. "ಖಾಲಿ ಉಂಟು ಅಂತ ಹತ್ತಿ ಗ್ಯಾರೇಜಿಗೆ ಹೋದದ್ದು ನೆನಪುಂಟಾ?"

ನನಗೆ ಸಿಟ್ಟು ಬಂತು. ಆದರೆ ಹಣ ನನ್ನದು, ಆಸೆ ಹದಿನೈದು ವರ್ಷದ್ದು, ಪ್ರಶ್ನೆಗೆ ಉತ್ತರ ಗೊತ್ತಿಲ್ಲದ್ದೂ ನಿಜ. ಹಾಗಾದರೆ ನೀವೇ ಹೇಳಿ ಎಂದೆ. ಮುಂದಿನ ಎರಡು ವಾರ ಸಂಜೆಯ ಆ ಇಪ್ಪತ್ತು ನಿಮಿಷ ನನ್ನ ಕ್ಲಾಸು. ಕಪ್ಪುಹಲಗೆ ಎಂದರೆ ಪೆರ್ಲ ಪೇಟೆಯೇ.

ಮೊದಲ ಪಾಠ ಅವರ ಸ್ವಂತ ಬಸ್ಸಿನದ್ದು. ಹೌದು, ಸ್ವಂತದ್ದು. ಅಲ್ಲಿಯವರೆಗಿನ ಹದಿನೇಳು ವರ್ಷದಲ್ಲಿ ನನಗೆ ಗೊತ್ತಾಗದಿದ್ದ ಸಂಗತಿ ಏನೆಂದರೆ, ನಾನು ಕುಳಿತ ಬಸ್ಸಿನಲ್ಲಿ ಎಂಟರಲ್ಲೊಂದು ಪಾಲು ಕಾಕನದ್ದು. ಎರಡೇ ವರ್ಷ ಗಲ್ಫಿನಲ್ಲಿದ್ದು ಬಿಸಿಲು ತಡೆಯದೆ ವಾಪಸು ಬಂದವರು ಉಳಿದದ್ದನ್ನು ಆ ಪಾಲಿಗೆ ಹಾಕಿದರಂತೆ. ಬ್ಯಾರಿಗಳು, ತುಳುವರು, ಒಬ್ಬರು ಕೊಂಕಣಿ ಅಂಗಡಿಯವರು, ಹೀಗೆ ಎಂಟು ಜನ ಸೇರಿ ತೆಗೆದ ಬಸ್ಸು. ಆದರೂ ದುಡ್ಡು ಸಾಲದೆ ಬಂದಾಗ ಪೈವಳಿಕೆಯ ಜಮೀನ್ದಾರರೊಬ್ಬರು ಒಂದು ಮೊತ್ತ ಕೊಟ್ಟು, "ಬಸ್ಸು ತುಂಬಿ ಓಡಲಿ, ಖಾಲಿ ಓಡಲಿ, ಎಲ್ಲರಿಗಿಂತ ಮೊದಲು ನನಗೆ ಇಂತಿಷ್ಟು ಕೊಡಬೇಕು. ನಿಮ್ಮ ಮೀಟಿಂಗಿಗೆ ನಾನು ಬರುವುದಿಲ್ಲ" ಎಂದರು.

"ಷೇರಿನಲ್ಲಿಯೂ ಈ ಎರಡು ಜಾತಿ ಉಂಟು," ಎಂದರು ಕಾಕ. "ನಮ್ಮ ಎಂಟು ಜನರದ್ದು ಸಾದಾ ಷೇರು. ಪೈವಳಿಕೆಯವರದ್ದು ಪ್ರಿಫರೆನ್ಸ್. ಡೀಸೆಲ್ ಏರಿದ ವರ್ಷ ನಮಗೆ ಚಾ ಕುಡಿಯಲಿಕ್ಕೂ ಉಳಿಯಲಿಲ್ಲ, ಅವರ ಮನೆಗೆ ಸರಿಯಾಗಿ ಹೋಯ್ತು. ಕಾಲೇಜು ಮಕ್ಕಳು ತುಂಬಿ ಒಳ್ಳೆ ಕಲೆಕ್ಷನ್ ಆದ ವರ್ಷ ನಮಗೆ ಬಂತು, ಅವರಿಗೆ ಅದೇ ಅಷ್ಟೇ. ಮತ್ತೆ ನಮಗೆ ಮೀಟಿಂಗಿನಲ್ಲಿ ಕೈ ಎತ್ತಲಿಕ್ಕೆ ಉಂಟು, ಅವರಿಗೆ ಇಲ್ಲ."

ಆ ಮೀಟಿಂಗುಗಳ ಕತೆ ಹೇಳಿ ಅವರು ನನ್ನನ್ನು ಎಷ್ಟು ನಗಿಸಿದ್ದಾರೋ. ಬದಿಯಡ್ಕದ ಹೋಟೆಲೊಂದರ ಮಹಡಿಯಲ್ಲಿ ಎಂಟು ಜನ ಸೇರುತ್ತಿದ್ದರು. ಹಾರ್ನ್ ಬದಲಿಸಬೇಕೋ ಬೇಡವೋ ಎಂದು ಎರಡು ಗಂಟೆ ಚರ್ಚೆಯಾಗಿ, ಗೋಳಿಬಜೆ ಮೂರು ತಟ್ಟೆ ಖಾಲಿಯಾಗಿ, ಕೊನೆಗೆ ನಾಲ್ಕು ಕೈ ಆ ಕಡೆ, ನಾಲ್ಕು ಕೈ ಈ ಕಡೆ. ಹಾರ್ನ್ ಇಂದಿಗೂ ಹಳೆಯದೇ. "ನೀವು ಏನು ಬೇಕು ಅಂತ ಕೇಳಿದ್ರಿ ಕಾಕಾ?" ಎಂದರೆ, "ನಾನು ಎಂತದೂ ಕೇಳುವುದಿಲ್ಲ. ಕಂಡಕ್ಟರ್ ಆಗಿ ದಿನಾ ಬಸ್ಸಿನಲ್ಲೇ ಇರ್ತೇನೆ. ನಾನು ಕೇಳಿದ್ರೆ ನನಗಾಗಿ ಕೇಳಿದ ಹಾಗೆ ಆಗ್ತದೆ" ಎಂದರು.

ತಮಗೆ ಪ್ರಿಫರೆನ್ಸ್ ಬೇಡವೆನ್ನಲು ಅವರಿಗೆ ಬೇರೆ ಕಾರಣವೂ ಇತ್ತು. "ಮೊದಲೇ ನಿಗದಿ ಮಾಡಿದ ದುಡ್ಡು ಬಡ್ಡಿಯ ತಮ್ಮ ಅಲ್ವಾ? ನಮ್ಮ ಧರ್ಮದಲ್ಲಿ ಬಡ್ಡಿ ಆಗುವುದಿಲ್ಲ. ಲಾಭವೂ ನನ್ನದು, ನಷ್ಟವೂ ನನ್ನದು, ಅದು ನನಗೆ ಸರಿ." ಬ್ಯಾಂಕಿನ ಷೇರು, ಶರಾಬಿನ ಷೇರು ಅವರು ಮುಟ್ಟಿದವರಲ್ಲ. ಹಾಗೆಂದು ನನ್ನ ಮೇಲೆ ಅದನ್ನು ಹೇರಲಿಲ್ಲ. "ನಿಮ್ಮ ಐದು ಸೆಂಟಿನ ದುಡ್ಡು ಬಿಸುವಿಗೆ ಬೇಕು. ಬೇಗ ಬೇಕಾದ ದುಡ್ಡು ಯಾವ ಷೇರಿಗೂ ಹತ್ತಬಾರದು. ನಿಮಗೆ ಬಡ್ಡಿ ಆಗ್ತದೆ, ನೀವು ಅದನ್ನು ಬ್ಯಾಂಕಿನಲ್ಲಿ ಇಡಿ" ಎಂದು ಅವರೇ ಹೇಳಿದರು.

ಮಿಕ್ಕ ಪಾಠಗಳಿಗೆ ಕ್ರಮವೇನೂ ಇರಲಿಲ್ಲ. ಎದುರಿಗೆ ಬಂದ ವಾಹನವೇ ಅಂದಿನ ಪಾಠ. ಪುತ್ತೂರಿನ ಕಡೆಯಿಂದ ದೊಡ್ಡ ಬಸ್ಸು ಬಂದು ನಿಂತಾಗ, "ಇದು ದೊಡ್ಡ ಕಂಪೆನಿಯ ಷೇರು. ಓವರ್‌ಟೇಕ್ ಮಾಡುವುದಿಲ್ಲ, ಊರಿಗೆ ಮುಟ್ಟಿಸದೆ ಬಿಡುವುದೂ ಇಲ್ಲ." ಅದರ ಸಂದಿಯಿಂದ ಹದಿನಾಲ್ಕು ಜನರನ್ನು ತುಂಬಿಕೊಂಡು ಹಾರಿದ ಜೀಪನ್ನು ತೋರಿಸಿ, "ಇದು ಸಣ್ಣ ಕಂಪೆನಿ. ದೊಡ್ಡ ಬಸ್ಸು ಹೋಗದ ದಾರಿಯಲ್ಲೆಲ್ಲ ಹೋಗಿ ದುಡಿಯುತ್ತದೆ. ಒಂದು ಟಯರು ಒಡೆದ್ರೆ ಆ ದಿನ ಮುಗೀತು." ಮಧ್ಯದ್ದು ಯಾವುದು ಎಂದು ಕೇಳಿದರೆ ಮಿನಿಬಸ್ಸು ಬರುವವರೆಗೆ ಉತ್ತರವಿಲ್ಲ.

ಒಂದು ದಿನ ಟೂರಿಸ್ಟ್ ಬಸ್ಸಿನ ಸರದಿ. ಮದುವೆಯ ತಿಂಗಳುಗಳಲ್ಲಿ ಅದಕ್ಕೆ ಪುರುಸೊತ್ತಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಟಾರ್ಪಾಲು ಹೊದ್ದು ಮಲಗುತ್ತದೆ. "ಸಿಮೆಂಟು, ಕಾರು, ಉಕ್ಕು ಎಲ್ಲ ಹೀಗೆಯೇ. ಕಾಲ ಬಂದಾಗ ಕುಣಿಯುತ್ತದೆ." ಬೆಳಗಿನ ಬಸ್ಸಾದರೋ ಬೇರೆ. ಅದರಲ್ಲಿ ಮಂಗಳೂರಿನ ಆಸ್ಪತ್ರೆಗೆ ಹೋಗುವವರು, ಶಾಲೆಯ ಮಕ್ಕಳು. "ಮದುವೆ ಇಲ್ಲದಿದ್ರೂ ಜ್ವರ ಬರ್ತದೆ. ಮದ್ದು, ಸಾಬೂನು, ಉಪ್ಪು ಮಾಡುವ ಕಂಪೆನಿಗಳು ಈ ಬಸ್ಸಿನ ಹಾಗೆ." ಮೈಮೇಲಿನ ಪೈಂಟು ಎದ್ದುಹೋಗಿ ಯಾರೂ ಹತ್ತದ, ಆದರೆ ಇಂಜಿನ್ ಗಟ್ಟಿ ಇರುವ ಬಸ್ಸೂ ಒಂದಿತ್ತು, ಅಂಥ ಷೇರು ಹುಡುಕುವುದು ಕಾಕನಿಗೆ ಮೀನಿನ ಮಾರ್ಕೆಟಿಗೆ ಹೋದಷ್ಟು ಖುಷಿ. ಮತ್ತೆ ಹೊಸ ಬಸ್ಸಿನವನೊಬ್ಬ ಬಂದ ಕಲೆಕ್ಷನ್ನನ್ನೆಲ್ಲ ಎರಡನೇ ಬಸ್ಸು, ಮೂರನೇ ಬಸ್ಸು ಎಂದು ಹಾಕುತ್ತಿದ್ದ, ಪಾಲುದಾರರಿಗೆ ಬಿಡಿಕಾಸು ಕೊಡುತ್ತಿರಲಿಲ್ಲ. "ಬೆಳೆಯುವ ಕಂಪೆನಿ ಅದು. ನಮ್ಮದು ಹಾಗಲ್ಲ, ಹಳೆ ಗಾಡಿ, ಇನ್ನು ಬೆಳೆಯಲಿಕ್ಕೆ ಇಲ್ಲ, ಬಂದದ್ದನ್ನು ಹಂಚುತ್ತದೆ. ಅದಕ್ಕೆ ಡಿವಿಡೆಂಡ್ ಅಂತ ಹೆಸರು. ಯಾವುದು ಒಳ್ಳೆಯದು ಅಂತ ಕೇಳಬೇಡಿ. ನೀವು ಎಲ್ಲಿಗೆ ಹೋಗುವವರು ಅಂತ ನೋಡಿ."

ನಾನು ಟೀಚರ್ ಅಲ್ಲವೇ, ಇಷ್ಟೆಲ್ಲ ಕಲಿಯುವುದಕ್ಕಿಂತ ಗೈಡ್ ಇದ್ದರೆ ಸುಲಭವೆಂದು ನನಗೆ ಗೊತ್ತು. "ಅದೆಲ್ಲ ಇರಲಿ ಕಾಕಾ, ನೀವು ಯಾವುದು ತೆಗೆದದ್ದು ಹೇಳಿ, ನಾನೂ ಅದನ್ನೇ ತೆಗೀತೇನೆ" ಎಂದೆ.

"ಅದು ಮಾತ್ರ ಇಲ್ಲ. ನನ್ನ ಮುಖ ನೋಡಿ ಬಸ್ಸಿಗೆ ಹತ್ತಿ, ಷೇರಿಗೆ ಹತ್ತಬೇಡಿ. ಬೋರ್ಡ್ ಓದಿ ಹತ್ತಿ."

ಕೊನೆಯವರೆಗೂ ಅವರು ಒಂದೇ ಒಂದು ಹೆಸರು ಹೇಳಲಿಲ್ಲ. ಹಟಮಾರಿ ಮನುಷ್ಯ!

ಇಷ್ಟು ಪಾಠ ಕೇಳಿಯೂ ನನ್ನ ತಲೆಯಿಂದ ನಾಲ್ಕು ರೂಪಾಯಿಯ ಷೇರು ಇಳಿಯಲಿಲ್ಲ. ಹೇಳಿದ್ದು ಕೇಳದ ವಿದ್ಯಾರ್ಥಿಗಳನ್ನು ನಾನು ನೋಡಿಲ್ಲವೇ, ಅವರ ಸಾಲಿಗೆ ಸೇರಿದೆ. ಕಾಕ ಬೇಡ ಎನ್ನಲಿಲ್ಲ. "ಹತ್ತಲೇಬೇಕು ಅಂತಾದ್ರೆ ಮಿನಿಮಮ್ ಟಿಕೆಟ್ ತೆಗೀರಿ. ಪೂರ್ತಿ ದುಡ್ಡು ಬೇಡ. ಐದು ಸೆಂಟು ಕೆಳಗೆ ಬಿಟ್ಟು ಹತ್ತಿ" ಎಂದರು. ನಾನು ಗೊಣಗುತ್ತಲೇ ಒಪ್ಪಿದೆ. ಜಾಗದ ಹಣ ಬ್ಯಾಂಕಿಗೆ ಹೋಯಿತು; ಒಂದು ಒಳ್ಳೆಯ ಸೀರೆಯ ಬೆಲೆಯಷ್ಟನ್ನು ಮಾತ್ರ ಆ ಷೇರಿಗೆ ಹಾಕಿದೆ.

ಅದು ಏರಿತು! ನಾಲ್ಕು ಇದ್ದದ್ದು ಐದಾಯಿತು, ಆರಾಯಿತು, ಏಳಾಯಿತು. ಎಲ್ಲ ಹಣ ಹಾಕಿದ್ದರೆ ಈ ಹೊತ್ತಿಗೆ ಜಾಗದ ಜೊತೆ ತಳಪಾಯವೂ ಆಗುತ್ತಿತ್ತು ಎಂದು ರಾತ್ರಿಯೆಲ್ಲ ಲೆಕ್ಕ. ಕೈಗೆ ಬಂದ ತುತ್ತನ್ನು ಬಾಯಿಗೆ ಬಾರದಂತೆ ಮಾಡಿದರು ಎಂದು ಕಾಕನ ಮೇಲೆ ಕೋಪ ಉಕ್ಕಿತು. ಎಷ್ಟು ಕೋಪವೆಂದರೆ ಅವರ ಬಸ್ಸನ್ನೇ ಬಿಟ್ಟೆ. ಸ್ಟ್ಯಾಂಡಿನಲ್ಲಿ ಅವರಿವರನ್ನು ಕೇಳಿ ಹಿಂದಿನಿಂದ ಬರುವ ಬಸ್ಸು ಹತ್ತಿ, ಶಾಲೆಗೆ ತಡವಾಗಿ, ಹೆಡ್‌ಮಾಸ್ಟರರಿಂದ ಮಾತು ಕೇಳಿದೆ. ದಿನವೂ ಕಾಕ ಬಾಗಿಲಲ್ಲಿ ನಿಂತು ಕೈ ಎತ್ತುತ್ತಿದ್ದರು. ನಾನು ಮುಖ ಊದಿಸಿಕೊಂಡು ಆಕಾಶ ನೋಡುತ್ತಿದ್ದೆ. ಈಗ ಬರೆಯುವಾಗಲೂ ಕೆನ್ನೆ ಬಿಸಿಯಾಗುತ್ತದೆ.

ನಾನು ಅವರ ಬಸ್ಸು ಬಿಟ್ಟ ಹನ್ನೆರಡನೆಯ ದಿನದಿಂದ ಆ ಷೇರು ಇಳಿಯತೊಡಗಿತು. ಮಾರೋಣವೆಂದರೆ ಕೊಳ್ಳುವವರೇ ಇಲ್ಲ. ದಿನವೂ ಬೆಲೆ ಒಂದು ಮೆಟ್ಟಿಲು ಕೆಳಗೆ, ದಿನವೂ ಮಾರುವವರ ಸಾಲು, ಎದುರಿಗೆ ಒಬ್ಬನೂ ಇಲ್ಲ. ಹೆಸರು ಹಾಕಿದ ಮಹಾಶಯರು ವಾಟ್ಸಾಪ್ ಗುಂಪಿನಿಂದಲೇ ಮಾಯ. ಕೊನೆಗೆ ಅದು ಅರವತ್ತು ಪೈಸೆಗೆ ಬಂದು ಮಲಗಿತು. ಆ ಸಂಜೆ ನಾನು ಬ್ಯಾಂಕಿನ ಪಾಸ್‌ಬುಕ್ ತೆಗೆದು, ಐದು ಸೆಂಟಿನ ಹಣ ಅಲ್ಲಿಯೇ ಇದೆಯೆಂದು ಮೂರು ಸಲ ನೋಡಿದೆ. ಆಮೇಲೆ ಕುಳಿತು ಅತ್ತೆ. ಹೋದದ್ದಕ್ಕಲ್ಲ, ಹೋಗದೆ ಉಳಿದದ್ದಕ್ಕೆ.

ಮರುದಿನ ಬೆಳಿಗ್ಗೆ ಇಂಗು ತಿಂದ ಮಂಗನ ಹಾಗೆ ಕಾಕನ ಬಸ್ಸಿನ ಮುಂದೆ ನಿಂತೆ. ಅವರು ಏನು ಹೇಳಿದರೂ ಕೇಳಿಸಿಕೊಳ್ಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

"ಸೀಟ್ ಉಂಟು ಟೀಚರೇ, ಕಿಟಕಿ ಹತ್ತಿರ" ಎಂದರು. ಅಷ್ಟೇ.

ಬಿಸುವಿಗೆ ಮೊದಲು ಜಾಗ ನಮ್ಮದಾಯಿತು. ಕಡಿಮೆ ಬಿದ್ದದ್ದಕ್ಕೆ ನನ್ನ ಎರಡು ಬಳೆ ಹೋದವು, ಹೋಗಲಿ. ಸಣ್ಣ ಮನೆಯೂ ಎದ್ದಿತು. ಮನೆಯೊಕ್ಕಲಿಗೆ ಕಾಕ ಹೆಂಡತಿಯೊಡನೆ ಬಂದು, ಮನೆಯೆಲ್ಲ ಬಿಟ್ಟು ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ ನಿಂತರು. "ಇಲ್ಲಿಂದ ಬಸ್ಸು ಕಾಣ್ತದೆ ಅಲ್ವಾ?" ಎಂದು ಕೇಳಿ, ಕಂಡದ್ದೇ ಮಗುವಿನ ಹಾಗೆ ನಕ್ಕರು. ಈಗ ನಾನೂ ತಿಂಗಳಿಗೆ ಒಂದಿಷ್ಟು ಷೇರಿಗೆ ಹಾಕುತ್ತೇನೆ: ಒಂದು ಮದ್ದಿನ ಕಂಪೆನಿ, ಒಂದು ದೊಡ್ಡದು, ಒಂದು ಜೀಪು. ಯಾವುದೆಂದು ನಾನೂ ಹೇಳುವುದಿಲ್ಲ.

ಅವರ ಕೊನೆಯ ದಿನ ಶುಕ್ರವಾರ. ಮೊಣಕಾಲು ನೋವು, ಇನ್ನು ನಿಂತು ಆಗುವುದಿಲ್ಲವೆಂದು ಅವರೇ ನಿಶ್ಚಯಿಸಿದ್ದರು. ಪಾಲು ಮಾರಿರಲಿಲ್ಲ, ಚೀಲ ಮಾತ್ರ ಬಿಟ್ಟದ್ದು. ಸಂಜೆ ಬಸ್ಸಿನಲ್ಲಿ ಯಾರೋ ಲಾಡು ಹಂಚಿದರು. ತುಳು ಅಜ್ಜಿಯೊಬ್ಬರು ಅವರ ಕೆನ್ನೆ ಸವರಿದರು. ನಾನು ಬದಿಯಡ್ಕದಲ್ಲಿ ಇಳಿಯುವಾಗ ನಗಲು ಹೋಗಿ ಆಗದೆ, "ಇನ್ನು ನಾನು ಯಾರ ಮುಖ ನೋಡಿ ಹತ್ತುವುದು ಕಾಕಾ?" ಎಂದೆ.

"ಸೋಮವಾರ ಬನ್ನಿ. ಹೆದರಬೇಡಿ" ಎಂದರು.

ಸೋಮವಾರ ಸ್ಟ್ಯಾಂಡಿನಲ್ಲಿ ನಿಂತೆ. ಒಂದರ ಹಿಂದೆ ಒಂದು ನೀಲಿ ಬಸ್ಸು. ಯಾವ ಬಾಗಿಲಲ್ಲಿಯೂ ಎತ್ತಿದ ಕೈ ಇಲ್ಲ. ಅಷ್ಟರಲ್ಲಿ ಆ ಹಳೆಯ ಹಾರ್ನ್ ಕೇಳಿಸಿತು, ಬಸ್ಸು ತಿರುಗಿತು. ಅದರ ಹಣೆಯ ಮೇಲೆ, ಮಲಯಾಳದ ಕೆಳಗೆ, ಅಷ್ಟೇ ದಪ್ಪದ ಹೊಸ ಬಿಳಿಯ ಅಕ್ಷರಗಳಲ್ಲಿ ಬರೆದಿತ್ತು: ಕಾಸರಗೋಡು, ಬದಿಯಡ್ಕ, ಪೆರ್ಲ. ಕನ್ನಡದಲ್ಲಿ.

ನಾನು ಒಂದನೇ ಕ್ಲಾಸಿನ ಮಕ್ಕಳ ಹಾಗೆ ಗಟ್ಟಿಯಾಗಿ ಓದಿದೆ. ಪಕ್ಕದವರು ತಿರುಗಿ ನೋಡಿದರು. ನೋಡಲಿ!

ಚಾಲಕ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ: "ಮೊನ್ನೆ ಮೀಟಿಂಗಿನಲ್ಲಿ ಕಾಕ ಕೇಳಿದ್ದು ಟೀಚರ್. ಇಪ್ಪತ್ತೆಂಟು ವರ್ಷದಲ್ಲಿ ಅವರು ಕೇಳಿದ್ದು ಇದೊಂದೇ. ಎಂಟು ಜನವೂ ಕೈ ಎತ್ತಿದ್ರು."

ಸೀಟು ಸಿಕ್ಕಿದ್ದೇ ಫೋನು ಮಾಡಿದೆ. "ಬೋರ್ಡ್ ನೋಡಿದೆ ಕಾಕಾ."

"ನೋಡಿದ್ದಾ, ಓದಿದ್ದಾ?"

"ಓದಿದೆ. ಓದಿಯೇ ಹತ್ತಿದ್ದು."

ಆ ಕಡೆಯಿಂದ ಅವರು ನಕ್ಕದ್ದು ಕೇಳಿಸಿತು. "ಹಾಗಾದ್ರೆ ಡಬಲ್ ಬೆಲ್" ಎಂದರು.